ಉಳಿತಾಯ ತಟ್ಟೆಯಿಂದ ಶುರುವಾಗಬಾರದು

(ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಬೇಸಿಗೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಮನೆ ಖರ್ಚು ಕಡಿಮೆ ಮಾಡುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ಈಗ ತಾನೇ ಮುಂದಿನ ಸಾಲಿನಲ್ಲಿ ಕೂತ ಅಕ್ಕನವರನ್ನು ಕೇಳಿದೆ, ಈ ತಿಂಗಳು ಏನು ಉಳಿಸಿದಿರಿ ಅಂತ. "ಹಾಲು ಅರ್ಧ ಲೀಟರ್ ಕಮ್ಮಿ ಮಾಡೀನ್ರೀ" ಅಂದರು. ಪಕ್ಕದವರು "ತತ್ತಿ ತರೋದು ಬಿಟ್ಟೇವ್ರಿ" ಅಂದರು. ಯಾರ ಪಾಲಿನ ಹಾಲು ಕಮ್ಮಿಯಾಯಿತು ಅಂತ ಕೇಳಿದ್ದಕ್ಕೆ ಎಲ್ಲರೂ ನಕ್ಕುಬಿಟ್ಟಿರಿ. ಯಜಮಾನರ ಚಹಾದಲ್ಲಿ ಹಾಲು ಕಮ್ಮಿಯಾಗಿಲ್ಲ, ಹುಡುಗನ ಗ್ಲಾಸಿನಲ್ಲೂ ಆಗಿಲ್ಲ. ಆಗಿದ್ದು ನಿಮ್ಮದರಲ್ಲಿ.

ಇದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಕೊನೆಗೆ ಉಣ್ಣುವವರು ತಮ್ಮ ತಟ್ಟೆಯಿಂದ ಉಳಿಸಿದ್ದು ಉಳಿತಾಯ ಅಲ್ಲ. ರಕ್ತ ಕಡಿಮೆ ಇದೆ ಅಂತ ಆಮೇಲೆ ಡಾಕ್ಟರ್ ಬರೆದುಕೊಡುವ ಗುಳಿಗೆ, ಟಾನಿಕ್ಕಿಗೆ ಅದೇ ದುಡ್ಡು ಹೋಗುತ್ತದೆ. ಅದಕ್ಕೇ ಇವತ್ತು ಅಡುಗೆಯ ಹಾಲು, ತುಪ್ಪ, ತತ್ತಿ ಮುಟ್ಟದೇ ಮಾತಾಡುತ್ತೇನೆ. ದುಡ್ಡು ದೊಡ್ಡದಾಗಿ ಹೋಗುವ ಜಾಗಗಳು ಬೇರೆ ಇವೆ. ಅವು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ತಲೆ ಎತ್ತಿ ನೋಡಿ. ಫ್ಯಾನ್ ತಿರುಗುತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಆಗ ಫ್ಯಾನ್ ಆರಿಸಿ ಅಂತ ಹೇಳುವವರಿಗೆ ನೀವು ಎದ್ದು ಹೋಗಿ ಅನ್ನಬೇಕು. ಆರಿಸಬೇಡಿ. ಲೆಕ್ಕ ಮಾತ್ರ ಮಾಡೋಣ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ದಿನಕ್ಕೆ 20 ತಾಸು ತಿರುಗಿದರೆ ಒಂದೂವರೆ ಯೂನಿಟ್. ತಿಂಗಳಿಗೆ 45 ಯೂನಿಟ್. ಇದು ಒಂದೇ ಫ್ಯಾನಿನ ಲೆಕ್ಕ. ಈಗ ಬಿಎಲ್‌ಡಿಸಿ ಅಂತ ಹೊಸ ಮೋಟಾರಿನ ಫ್ಯಾನ್ ಬಂದಿವೆ, ರಿಮೋಟ್ ಇರುತ್ತದಲ್ಲ, ಅವು. ಅಷ್ಟೇ ಗಾಳಿಗೆ 30 ವ್ಯಾಟ್ ಹತ್ತಿರ ತೆಗೆದುಕೊಳ್ಳುತ್ತವೆ. ತಿಂಗಳಿಗೆ 18 ಯೂನಿಟ್. ಒಂದು ಫ್ಯಾನಿಗೆ 27 ಯೂನಿಟ್ ಉಳಿಯಿತು. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ನೂರಾ ಅರವತ್ತು ರೂಪಾಯಿ ಆಯಿತು.

ಹಿಂದೆ ಯಾರೋ "ನಮಗ ಬಿಲ್ಲೇ ಬರಂಗಿಲ್ಲಲ್ರೀ" ಅಂದರು. ಹೌದು, ಗೃಹಜ್ಯೋತಿ ಇದೆ. 2023ರ ಜುಲೈನಿಂದ ಬಳಸಿದ ಕರೆಂಟಿಗೆ ಅದು ಜಾರಿಯಾಯಿತು. ಆದರೆ ಅದರೊಳಗಿನ ಲೆಕ್ಕ ಬಹಳ ಜನಕ್ಕೆ ತಿಳಿದಿಲ್ಲ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ನಿಮ್ಮ ಮನೆ ಸರಾಸರಿ ತಿಂಗಳಿಗೆ ಎಷ್ಟು ಯೂನಿಟ್ ಬಳಸಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಕಟ್ಟಿದ್ದಾರೆ. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗ ಯೋಚನೆ ಮಾಡಿ. ಸರಾಸರಿ ಅಂದರೆ ಚಳಿಗಾಲ, ಮಳೆಗಾಲ ಎಲ್ಲಾ ಸೇರಿ. ನಮ್ಮ ಬೇಸಿಗೆ ಆ ಸರಾಸರಿಯೊಳಗೆ ಹಿಡಿಯುತ್ತದಾ? ಹಿಡಿಯುವುದಿಲ್ಲ. ಅದಕ್ಕೇ ಜನವರಿಯಲ್ಲಿ ಸೊನ್ನೆ ಬಿಲ್ ನೋಡಿದವರು ಮೇ ತಿಂಗಳಲ್ಲಿ ಬಿಲ್ ಕೈಯಲ್ಲಿ ಹಿಡಿದು ಮೀಟರ್ ಕೆಟ್ಟಿದೆ ಅಂತ ಜಗಳಕ್ಕೆ ಹೋಗುತ್ತಾರೆ. ಮೂರು ಹಳೆಯ ಫ್ಯಾನ್ ಇರುವ ಮನೆಯಲ್ಲಿ ಫ್ಯಾನಿಗೇ 135 ಯೂನಿಟ್ ಹೋದರೆ, ಮೇಲೆ ಫ್ರಿಜ್ಜು, ಕೂಲರ್ ಸೇರಿ 200 ದಾಟುವುದು ಎಷ್ಟು ಹೊತ್ತು? ಆ 27 ಯೂನಿಟ್ಟಿನ ಬೆಲೆ ತಿಳಿಯುವುದು ಇಲ್ಲೇ.

ಹಾಗಂತ ಮೂರೂ ಫ್ಯಾನ್ ಇವತ್ತೇ ಬದಲಿಸಬೇಡಿ. ಒಂದೊಂದಕ್ಕೆ ಮೂರು ಸಾವಿರದ ಆಸುಪಾಸು ಬೀಳುತ್ತದೆ. ರಾತ್ರಿ ಹಗಲು ತಿರುಗುವ ಒಂದನ್ನು ಮೊದಲು ಬದಲಿಸಿ. ಇನ್ನೊಂದು ಮಾತು, ಗೋಡೆ ಮೇಲೆ ದೊಡ್ಡ ಡಬ್ಬಿಯಂಥ ಹಳೆಯ ರೆಗ್ಯುಲೇಟರ್ ಇದ್ದರೆ, ಮುಟ್ಟಿ ನೋಡಿ, ಬಿಸಿ ಇರುತ್ತದೆ. ಸ್ಪೀಡ್ ಕಮ್ಮಿ ಮಾಡಿದರೆ ಫ್ಯಾನಿನಲ್ಲಿ ಉಳಿದ ಕರೆಂಟ್ ಅಲ್ಲಿ ಬಿಸಿಯಾಗಿ ಹೋಗುತ್ತದೆ. ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿಕೊಂಡರೆ ಆ ತಾಪತ್ರಯ ಇಲ್ಲ.

ಕೂಲರ್ ವಿಷಯ ಬಂತು. ನಮ್ಮ ಬಿಸಿಲಿಗೆ ಕೂಲರ್‌ನಂಥ ಸೋವಿ ಸಾಮಾನು ಬೇರೆ ಇಲ್ಲ. ಎಸಿ ತಾಸಿಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಎಳೆದರೆ, ಮನೆಯ ಕೂಲರ್ ಅಷ್ಟರಲ್ಲಿ ಐದಾರು ತಾಸು ನಡೆಯುತ್ತದೆ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ. ಅಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಕೂಲರ್ ಹಚ್ಚಿದರೆ ಬೆವರು ಇನ್ನೂ ಜಾಸ್ತಿ. ನಮ್ಮದು ಒಣ ಗಾಳಿ. ಪ್ಯಾಡಿನ ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಆದರೆ ನಾನು ಹೋದ ಎಷ್ಟೋ ಮನೆಗಳಲ್ಲಿ ಕೂಲರ್ ಕೋಣೆಯ ಮೂಲೆಯಲ್ಲಿ, ಕಿಟಕಿ ಬಾಗಿಲು ಎಲ್ಲಾ ಬಂದ್! ಎಸಿ ಇದ್ದ ಹಾಗೆ. ಅರ್ಧ ತಾಸಿಗೆ ಕೋಣೆ ತುಂಬ ಹಸಿ ಗಾಳಿ ತುಂಬಿ ಮೈ ಜಿಗಿಜಿಗಿ ಆಗುತ್ತದೆ. ಆಮೇಲೆ "ಕೂಲರ್ ಕೆಟ್ಟದೆ, ಎಸಿ ತಗೊಳ್ಳೋಣು" ಅಂತ ಕಂತಿನ ಮಾತು ಶುರು. ಕೂಲರಿನ ಬೆನ್ನು ಕಿಟಕಿಯ ಕಡೆ ಇರಲಿ, ಹೊರಗಿನ ಗಾಳಿ ಎಳೆದುಕೊಳ್ಳಲಿ. ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಒಳಗಿನ ಗಾಳಿ ಹೊರಗೆ ಹೋಗಲಿ. ಬೋರಿನ ನೀರಾದರೆ ಪ್ಯಾಡಿಗೆ ಬಿಳಿ ಉಪ್ಪು ಕಟ್ಟುತ್ತದೆ, ನೀರು ಇಳಿಯುವುದಿಲ್ಲ. ವಾರಕ್ಕೊಮ್ಮೆ ಟ್ಯಾಂಕಿನ ನೀರು ಪೂರ್ತಿ ಚೆಲ್ಲಿ, ಒಳಗೆ ತಿಕ್ಕಿ, ಹೊಸ ನೀರು ತುಂಬಿ. ಉಪ್ಪೂ ಹೋಗುತ್ತದೆ, ಡೆಂಗಿ ಸೊಳ್ಳೆಯ ಮೊಟ್ಟೆಯೂ ಹೋಗುತ್ತದೆ. ಡೆಂಗಿ ಬಂದರೆ ಆಸ್ಪತ್ರೆಯ ಬಿಲ್ಲು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಮಾಳಿಗೆ ಮನೆಯಲ್ಲಿ ಬೆಳೆದವರು ಇಲ್ಲಿ ಬಹಳ ಜನ ಇದ್ದೀರಿ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು, ಕೆಳಗೆ ಶಹಾಬಾದ್ ಫರ್ಸಿ. ಮಧ್ಯಾಹ್ನ ಸುಮ್ನೆ ಬರೀ ನೆಲದ ಮೇಲೆ ಮಲಗಿದರೆ ಸಾಕಿತ್ತು, ಅಲ್ವಾ? ಈಗ ಎಲ್ಲಾ ಆರ್‌ಸಿಸಿ. ಹಗಲೆಲ್ಲಾ ಕಾದ ಸ್ಲ್ಯಾಬ್ ರಾತ್ರಿ ಹನ್ನೆರಡಾದರೂ ನಮ್ಮ ಮೇಲೆ ಬಿಸಿ ಸುರಿಯುತ್ತದೆ. ಮಾಳಿಗೆ ಮತ್ತೆ ಕಟ್ಟಲು ಆಗದು. ಆದರೆ ಮಾರ್ಚ್ ತಿಂಗಳಲ್ಲಿ ಚಾವಣಿಯ ಮೇಲೆ ಎರಡು ಸಲ ಬಿಳಿ ಸುಣ್ಣ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿದರೆ ಪುಡಿ ಏಳುವುದಿಲ್ಲ. ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಮಕ್ಕಳನ್ನು ದೂರ ಇಡಿ. ಮೇಲಿನ ಅಂತಸ್ತಿನ ಮನೆಯವರಿಗೆ ಇದು ಕೂಲರ್‌ಗಿಂತ ಮೊದಲು ಆಗಬೇಕಾದ ಕೆಲಸ.

ಗೀಸರ್ ಬಗ್ಗೆ ಒಂದೇ ಮಾತು. ಬೇಸಿಗೆಯಲ್ಲಿ ಮೇಲಿನ ಸಿಂಟೆಕ್ಸಿನ ನೀರು ಮಧ್ಯಾಹ್ನ ಮೈಮೇಲೆ ಹಾಕಿಕೊಳ್ಳಲಾಗದಷ್ಟು ಕಾದಿರುತ್ತದೆ. ಆದರೂ ಗೀಸರ್ ಸ್ವಿಚ್ ಕೆಂಪಗೆ ಉರಿಯುತ್ತಿರುತ್ತದೆ, ರೂಢಿಗೆ. ಆರಿಸಿಬಿಡಿ, ಮುಗಿಯಿತು.

ಈಗ ಅಡುಗೆ ಮನೆಗೆ ಬರೋಣ. ತಟ್ಟೆ ಮುಟ್ಟುವುದಿಲ್ಲ ಅಂದಿದ್ದೆ, ಮುಟ್ಟುವುದಿಲ್ಲ. ತಟ್ಟೆಗೆ ಬರುವ ಮೊದಲಿನ ಮಾತು. ನಮ್ಮ ಅವ್ವಂದಿರು ವರ್ಷದ ಕಾಳು ಸುಗ್ಗಿಯಲ್ಲಿ ತುಂಬುತ್ತಿದ್ದರು. ಊರಲ್ಲಿ ನೆಲದೊಳಗೆ ಹಗೇವು ಇರುತ್ತಿತ್ತು, ಮನೆಯಲ್ಲಿ ಕಾಳಿನ ಗುಮ್ಮಿ ಇರುತ್ತಿತ್ತು. ನಾವು ಈಗ ಒಂದು ಕಿಲೋ, ಎರಡು ಕಿಲೋ ಪಾಕೀಟು ತರುತ್ತೇವೆ. ಪಾಕೀಟು ತರುವವರು ಪ್ರತಿ ಸಲ ಪ್ಲಾಸ್ಟಿಕ್ಕಿಗೆ, ಹೆಸರಿಗೆ, ಅಂಗಡಿಯ ಬಾಡಿಗೆಗೆ ದುಡ್ಡು ಕೊಟ್ಟೇ ಬರುತ್ತಾರೆ. ಬೇರೆ ಊರಿನವರು ಹಾಗೆ ಮಾಡಿದರೆ ಸರಿ, ಅವರಿಗೆ ಬೇರೆ ದಾರಿ ಇಲ್ಲ. ತೊಗರಿ ಕಣಜದಲ್ಲಿ ಕೂತು ನಾವೂ ಹಾಗೆ ಮಾಡುವುದಾ? ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು, ಸಿಕ್ಕಿದೆ. ಇಲ್ಲಿಂದ ದೇಶಕ್ಕೆಲ್ಲಾ ಬೇಳೆ ಹೋಗುತ್ತದೆ. ನಮ್ಮ ಓಣಿಯ ಮನೆಗೆ ಅದು ಬಣ್ಣದ ಪಾಕೀಟಿನಲ್ಲಿ ವಾಪಸ್ ಬರುತ್ತದೆ.

ತೊಗರಿ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ಹಿಂಗಾರಿನ ಬಿಳಿ ಜೋಳ ಫೆಬ್ರವರಿ, ಮಾರ್ಚಿನಲ್ಲಿ. ಮಾಲು ತುಂಬಿ ಬಂದಾಗ ಸಾಮಾನ್ಯವಾಗಿ ದರ ಇಳಿದಿರುತ್ತದೆ. ಆಗ ನೆಹರೂ ಗಂಜ್ ಮಾರುಕಟ್ಟೆ ಕಡೆ ಹೋಗಿ, ಇಲ್ಲವೇ ದಾಲ್ ಮಿಲ್ಲಿನವರನ್ನೇ ಕೇಳಿ. ಒಡಕು ಬೇಳೆ ಇಡೀ ಬೇಳೆಗಿಂತ ಸೋವಿಗೆ ಸಿಗುತ್ತದೆ. ಬ್ಯಾಳಿ ಕುದಿಸಿ ಕಡೆದ ಮೇಲೆ ಒಡಕು ಯಾವುದು, ಇಡೀದು ಯಾವುದು ಯಾರಿಗೆ ತಿಳಿಯುತ್ತದೆ? ಪಾಲಿಶ್ ಹೊಡೆದು ಫಳಫಳ ಹೊಳೆಯುವ ಬೇಳೆಗೆ ಜಾಸ್ತಿ ಕೊಡುವುದೂ ಅಷ್ಟೇ, ಹೊಳಪು ತಟ್ಟೆಗೆ ಬರುವುದಿಲ್ಲ.

"ಒಮ್ಮೆಗೇ ಚೀಲ ತರಾಕ ರೊಕ್ಕ ಎಲ್ಲಿಂದ ತರೋದ್ರಿ?" ಇದು ಸರಿಯಾದ ಪ್ರಶ್ನೆ. ಉಪದೇಶ ಮಾಡುವವರು ಇದನ್ನು ಮರೆಯುತ್ತಾರೆ. ಸೋವಿ ಬಿದ್ದಾಗ ಕೊಳ್ಳಲು ಕೈಯಲ್ಲಿ ದುಡ್ಡಿರಬೇಕು. ಬಡವರು ಅದಕ್ಕೇ ತುಟ್ಟಿ ಕೊಳ್ಳುತ್ತಾರೆ. ನಿಮ್ಮಲ್ಲಿ ಎಲ್ಲರೂ ಸೇರಿ ತಿಂಗಳು ತಿಂಗಳು ದುಡ್ಡು ಹಾಕುವ ಭಿಶಿ ನಡೆಸುವವರು ಎಷ್ಟು ಜನ ಇದ್ದೀರಿ? ಇಷ್ಟೊಂದು ಕೈ! ಆ ಭಿಶಿ ಸೀರೆಗೆ, ಬೆಳ್ಳಿ ಸಾಮಾನಿಗೆ ನಡೆಯುತ್ತದೆ. ಒಂದು ಭಿಶಿ ಜೋಳಕ್ಕೆ ನಡೆಸಿ ನೋಡಿ. ಜೂನ್‌ನಿಂದ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ, ಸುಗ್ಗಿಯ ಹೊತ್ತಿಗೆ ಎಲ್ಲರೂ ಸೇರಿ ಒಂದು ಗಾಡಿ ಮಾಲು ತನ್ನಿ. ಹಮಾಲಿ, ಬಾಡಿಗೆ ಹಂಚಿಕೊಂಡರೆ ಒಬ್ಬೊಬ್ಬರಿಗೆ ಏನೂ ಅನ್ನಿಸುವುದಿಲ್ಲ.

ತಂದದ್ದು ಉಳಿಯಬೇಕಲ್ಲ. ನುಸಿ ಹತ್ತಿದರೆ ಉಳಿಸಿದ್ದೆಲ್ಲಾ ಕೋಳಿಯ ಪಾಲು. ಜೋಳವನ್ನು ಚಾವಣಿಯ ಮೇಲೆ ತೆಳ್ಳಗೆ ಹರವಿ ಎರಡು ಮೂರು ದಿನ ಕಡು ಬಿಸಿಲಿಗೆ ಒಣಗಿಸಿ. ಹಲ್ಲಿನಲ್ಲಿ ಕಡಿದರೆ ಕಟ್ ಅಂತ ಮುರಿಯಬೇಕು. ಇಲ್ಲಿ ಬಹಳ ಜನ ಒಂದು ಅವಸರ ಮಾಡುತ್ತಾರೆ. ಸಂಜೆ ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚುತ್ತಾರೆ. ಒಳಗೆ ಬೆವರು ಕಟ್ಟಿ ಬೂಸು ಬರುತ್ತದೆ. ನೆರಳಿಗೆ ತಂದು, ಕೈಯಿಟ್ಟರೆ ತಣ್ಣಗೆ ಅನ್ನಿಸಿದ ಮೇಲೆ ತುಂಬಿ. ನಡುನಡುವೆ ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಹಾಕಿ, ಹಸಿ ಎಲೆ ಬೇಡ. ಬೇಳೆಗೆ ಅಂಗೈಗೆ ಔಡಲ ಎಣ್ಣೆ ಸವರಿಕೊಂಡು ಕೈಯಾಡಿಸಿದರೆ ಸಾಕು.

ಒಂದು ಎಚ್ಚರಿಕೆ ಹೇಳಲೇಬೇಕು. ಗೋದಾಮಿನಲ್ಲಿ ಕಾಳಿಗೆ ಇಡುವ ವಿಷದ ಗುಳಿಗೆಯನ್ನು ಕೆಲವರು ಮನೆಗೂ ತರುತ್ತಾರೆ. ಅದರಿಂದ ಫಾಸ್ಫಿನ್ ಅನ್ನುವ ಗ್ಯಾಸ್ ಬರುತ್ತದೆ. ಮಲಗುವ ಮನೆಯಲ್ಲಿ ಅದನ್ನಿಟ್ಟರೆ ನುಸಿಗಿಂತ ಮೊದಲು ಮನುಷ್ಯರು ಹೋಗುತ್ತಾರೆ. ದಯವಿಟ್ಟು ತರಬೇಡಿ.

ಕಾಳು ವರ್ಷದ್ದು ಇಡಬಹುದು, ಹಿಟ್ಟು ಇಡಬಾರದು. ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ, ಜಿಗಿ ಹೋಗುತ್ತದೆ. ಎಷ್ಟೇ ಕುದಿಯುವ ಎಸರು ಹಾಕಿ ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಗಿರಣಿಗೆ ಕಳಿಸಿ. ಕಡಕ್ ರೊಟ್ಟಿ ಮಾತ್ರ ಬೇರೆ. ಒಮ್ಮೆ ಹಂಚು ಕಾದ ಮೇಲೆ ಒಂದೇ ಸಲ ಕೂತು ಮಾಡಿ ಒಣಗಿಸಿಟ್ಟರೆ, ದಿನಾ ಹಂಚು ಕಾಯಿಸುವ ಗ್ಯಾಸ್ ಉಳಿಯಿತು. ಶೇಂಗಾ ಹಿಂಡಿ, ಮೊಸರು ಇದ್ದರೆ ಕೆಲಸಕ್ಕೆ ಹೋಗುವವರ ಬುತ್ತಿಯೂ ಆಯಿತು, ಹೋಟೆಲಿನ ಖರ್ಚೂ ತಪ್ಪಿತು.

ತುಂಬಿಡುವ ಮಾತಾಡುವಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ನಮ್ಮ ಬಸವಕಲ್ಯಾಣದ ಕಥೆ. ಗಂಡ ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ರೂಢಿಗಿಂತ ಜಾಸ್ತಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ, ಹೆಚ್ಚಿನದ್ದನ್ನು ವಾಪಸ್ ಸುರಿದು ಬಾ ಅಂತ ಕಳಿಸಿದಳು. ಅವಳ ಮುಂದೆ ನಾನು ವರ್ಷದ ಜೋಳ ತುಂಬಿ ಅಂದಿದ್ದರೆ ನನಗೂ ಬೈಗುಳ ಬೀಳುತ್ತಿತ್ತು. ಆದರೆ ಅವಳ ಮಾತು ನನಗೆ ಹೊಳೆಯುವುದು ಮಾರ್ಟ್‌ಗಳಲ್ಲಿ. ಎರಡು ಕೊಂಡರೆ ಒಂದು ಪುಕ್ಕಟೆ ಅಂತ ಬೋರ್ಡ್ ಹಾಕಿರುತ್ತಾರೆ. ಬೇಕಾಗಿದ್ದು ಒಂದು, ಅದೂ ಮುಂದಿನ ತಿಂಗಳಿಗೆ. ಮೂರನ್ನೂ ಹೊತ್ತುಕೊಂಡು ಬರುತ್ತೇವೆ, ದುಡ್ಡು ಉಳಿಸಿದೆವು ಅನ್ನುತ್ತೇವೆ. ಚೀಟಿ ಬರೆದುಕೊಂಡು ಹೋಗಿ, ಚೀಟಿಯಲ್ಲಿ ಇಲ್ಲದ್ದು ಎಷ್ಟೇ ಸೋವಿ ಇದ್ದರೂ ತುಟ್ಟಿಯೇ.

ಇನ್ನು ಗ್ಯಾಸು. ಸಿಲಿಂಡರಿನಲ್ಲಿ 14.2 ಕಿಲೋ ಇರುತ್ತದೆ. ಅದು ಬೇಗ ಖಾಲಿಯಾಗುವ ಮನೆಯಲ್ಲಿ ನಾನು ಮೊದಲು ಕೇಳುವುದು, ಬೇಳೆ ಯಾವ ನೀರಿನಲ್ಲಿ ಬೇಯಿಸುತ್ತೀರಿ? ಬೋರಿನ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಸೀಟಿ ಮೇಲೆ ಸೀಟಿ ಹೊಡೆಸಿ ಗ್ಯಾಸ್ ಸುಡುತ್ತೇವೆ, ಕೊನೆಗೆ ಬೇಳೆ ಕೆಟ್ಟದ್ದು ಅಂತ ಅಂಗಡಿಯವನಿಗೆ ಬೈಯುತ್ತೇವೆ. ಬೇಳೆಗೆ ಮಾತ್ರ ನಳದ ನೀರೋ, ಫಿಲ್ಟರ್ ನೀರೋ ಹಾಕಿ. ಅರ್ಧ ತಾಸು ಮೊದಲು ನೆನೆಯಿಡಿ. ಮೊದಲ ಸೀಟಿ ಆದ ಕೂಡಲೇ ಉರಿ ಸಣ್ಣ ಮಾಡಿ. ಒಳಗಿನ ಬಿಸಿ ಅಷ್ಟೇ ಇರುತ್ತದೆ, ಜಾಸ್ತಿ ಉರಿ ಸೀಟಿಯಲ್ಲಿ ಹಾರಿ ಹೋಗುತ್ತದೆ. ಇದೇ ಗಡಸು ನೀರು ಸಾಬೂನನ್ನೂ ತಿನ್ನುತ್ತದೆ, ನೊರೆ ಬರುವುದಿಲ್ಲ ಅಂತ ತಿಕ್ಕುತ್ತಲೇ ಇರುತ್ತೀರಿ. ಮಳೆಗಾಲದಲ್ಲಿ ಚಾವಣಿಯ ನೀರು ಡ್ರಮ್ಮಿಗೆ ಹಿಡಿದು ಬಟ್ಟೆ ಒಗೆದು ನೋಡಿ, ಸಾಬೂನು ಎಷ್ಟು ದಿನ ಬರುತ್ತದೆ ಅಂತ. ಆರ್‌ಒ ಫಿಲ್ಟರ್ ಇದ್ದವರು ಅದರಿಂದ ಹೊರಗೆ ಹೋಗುವ ನೀರು ಬಕೆಟ್ಟಿಗೆ ಹಿಡಿಯಿರಿ, ನೆಲ ಒರೆಸಲು, ಪಾಯಖಾನೆಗೆ ಆಗುತ್ತದೆ. ಗಿಡಕ್ಕೆ ಬೇಡ, ಉಪ್ಪು ಜಾಸ್ತಿ.

ಇಷ್ಟೆಲ್ಲಾ ಮಾಡಿ ನೀವು ತಿಂಗಳಿಗೆ ಐದುನೂರು ಉಳಿಸಿದಿರಿ ಅನ್ನಿ. ಅದು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ವಾರದ ಕಂತಿಗೆ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಂದ ದಿನವೇ ಕಂತಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಇದರ ಬಗ್ಗೆ ಮಾತಾಡದೇ ಉಳಿತಾಯದ ಮಾತಾಡುವುದು ನನಗೆ ನಾಚಿಕೆ.

ಬೋರ್ಡಿನ ಮೇಲೆ ಬರೆಯುತ್ತೇನೆ, ನೋಡಿ. ಹತ್ತು ಸಾವಿರ ಸಾಲ. "ನೂರಕ್ಕೆ ಎರಡೇ ರೀ" ಅನ್ನುತ್ತಾರೆ. ತಿಂಗಳಿಗೆ ಇನ್ನೂರು, ವರ್ಷಕ್ಕೆ 2,400. ಒಟ್ಟು 12,400ನ್ನು ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ 1,033 ರೂಪಾಯಿ. ನೂರಕ್ಕೆ ವರ್ಷಕ್ಕೆ 24 ಅಂತ ಕಾಣುತ್ತದೆ. ಆದರೆ ಆರು ಕಂತು ಕಟ್ಟಿದ ಮೇಲೆ ನಿಮ್ಮ ಕೈಯಲ್ಲಿ ಅವರ ಹತ್ತು ಸಾವಿರ ಇದೆಯಾ? ಅರ್ಧದಷ್ಟು ವಾಪಸ್ ಕೊಟ್ಟಾಯಿತು. ಬಡ್ಡಿ ಮಾತ್ರ ಇನ್ನೂ ಪೂರ್ತಿ ಹತ್ತು ಸಾವಿರದ ಮೇಲೇ ಓಡುತ್ತಿದೆ. ಉಳಿದ ಸಾಲದ ಮೇಲೆ ಲೆಕ್ಕ ಹಾಕಿದರೆ ನೀವು ನಿಜವಾಗಿ ಕೊಡುತ್ತಿರುವುದು ವರ್ಷಕ್ಕೆ ನೂರಕ್ಕೆ 40ಕ್ಕೂ ಮೇಲೆ. ಯಾವ ಫ್ಯಾನ್, ಯಾವ ಬೇಳೆ ಈ ತೂತು ಮುಚ್ಚುತ್ತದೆ ಹೇಳಿ.

ಸಾಲ ಮಾಡಲೇಬೇಡಿ ಅನ್ನುವುದಿಲ್ಲ. ಮದುವೆ, ದವಾಖಾನೆ, ಬಿತ್ತನೆ ಇದ್ದೇ ಇರುತ್ತವೆ. ಆದರೆ ಸಹಿ ಹಾಕುವ ಮೊದಲು ಬಡ್ಡಿ ಪೂರ್ತಿ ಸಾಲದ ಮೇಲಾ, ಉಳಿದ ಸಾಲದ ಮೇಲಾ ಅಂತ ಕೇಳಿ. ಮೈಕ್ರೋಫೈನಾನ್ಸ್ ಸಾಲಕ್ಕೆ ವರ್ಷದ ಒಟ್ಟು ದರ ಎಷ್ಟು ಅಂತ ನಿಮಗೆ ತಿಳಿಯುವ ಭಾಷೆಯಲ್ಲಿ ಚೀಟಿ ಬರೆದು ಕೊಡಬೇಕು. ಅದು ರಿಸರ್ವ್ ಬ್ಯಾಂಕಿನ ನಿಯಮ, 2022ರ ಏಪ್ರಿಲ್‌ನಿಂದ ಇದೆ. ಎಲ್ಲಾ ಸಾಲದ ಕಂತು ಸೇರಿ ಮನೆಯ ಆದಾಯದ ಅರ್ಧ ದಾಟಬಾರದು ಅಂತಲೂ ಅದರಲ್ಲೇ ಇದೆ. ಮನೆ ಮುಂದೆ ನಿಂತು ಬೈಯುವುದು, ಸಾಮಾನು ಎತ್ತಿಕೊಂಡು ಹೋಗುವುದು ಮಾಡಿದರೆ ಪೊಲೀಸರಿಗೆ ಹೇಳಬಹುದು, ಅದಕ್ಕೆ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ನಿಮ್ಮ ಸಂಘಕ್ಕೆ ಬ್ಯಾಂಕಿನ ಸಾಲ ಸಿಗುವ ಹಾಗಿದ್ದರೆ, ತುಟ್ಟಿ ಬಡ್ಡಿಯದನ್ನು ಮೊದಲು ತೀರಿಸಿ. ಕೈಯಲ್ಲಿ ಉಳಿದ ಐದುನೂರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸಕ್ಕರೆ ಕಾಯಿಲೆ, ಬಿಪಿ ಇರುವ ಮನೆಗಳಿಗೆ ಒಂದು ಮಾತು. ದಿನಾ ನುಂಗುವ ಗುಳಿಗೆ ಬಿಡಬೇಡಿ, ದಿನ ಬಿಟ್ಟು ದಿನ ನುಂಗಿ ಉಳಿಸಬೇಡಿ. ಡಾಕ್ಟರಿಗೆ ಔಷಧದ ಮೂಲ ಹೆಸರು ಬರೆದುಕೊಡಿ ಅಂತ ಕೇಳಿ, ಜನೌಷಧಿ ಕೇಂದ್ರದಲ್ಲಿ ಅದೇ ಗುಳಿಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗಬಹುದು.

ಪ್ರಶ್ನೆ ಕೇಳಿ ಅಂದಾಗ ಒಬ್ಬರು ಕೇಳಿದ್ದು, ಸಣ್ಣ ಸಣ್ಣ ಖರ್ಚೆಲ್ಲಾ ಬರೆದಿಡಬೇಕಾ ಅಂತ. ಬರೆಯುವ ರೂಢಿ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಕರೆಂಟ್ ಬಿಲ್ಲು, ಸಿಲಿಂಡರ್ ಹಚ್ಚಿದ ತಾರೀಖು, ಕಂತು, ಈ ಮೂರನ್ನು ಮಾತ್ರ ಕ್ಯಾಲೆಂಡರ್ ಮೇಲೆ ಬರೆಯಿರಿ, ಸಾಕು. ಕೊತ್ತಂಬರಿ ಕಟ್ಟಿನ ಲೆಕ್ಕ ಇಟ್ಟು ಯಾರೂ ಉದ್ಧಾರ ಆಗಿಲ್ಲ.

ಇನ್ನೊಬ್ಬರು, ಹೊಸ ಫ್ಯಾನ್ ತಂದರೆ ಹಳೆಯದನ್ನು ಗುಜರಿಗೆ ಹಾಕಬೇಕೇನ್ರಿ ಅಂದರು. ಬೇಡ. ಅದನ್ನು ಅಡುಗೆ ಮನೆಗೆ ಹಾಕಿಸಿ. ದಿನಕ್ಕೆ ಎರಡು ತಾಸು ತಿರುಗುವ ಜಾಗದಲ್ಲಿ 75 ವ್ಯಾಟ್ ಆದರೂ ಭಾರವಾಗುವುದಿಲ್ಲ. ರೊಟ್ಟಿ ಬಡಿಯುವಾಗ ನಿಮಗೆ ಗಾಳಿ ಬೇಡವಾ? ಒಲೆಯ ಉರಿಗೆ ನೇರ ಗಾಳಿ ಬಡಿಯದ ಹಾಗೆ ನೋಡಿಕೊಳ್ಳಿ, ಅಷ್ಟೇ.